ಒಂಬತ್ತು ಜನರ ಒಂದು ಕೋಟು

ಮಾರ್ಚ್ 3, ಸೋಮವಾರ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತು ಎಲ್ಲಿ ಬರಬೇಕು, ದೀರ್ಘ ಎಲ್ಲಿ ಎಳೆಯಬೇಕು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದುವುದಿಲ್ಲ. ಆದ್ದರಿಂದ ನನ್ನ ಹತ್ತಿರವೇ ಕ್ಷಮೆ ಕೇಳಿಕೊಂಡು ಶುರು ಮಾಡುತ್ತೇನೆ. ಐದನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಬರೆದದ್ದೆಂದರೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಮಾತ್ರ.

ಬರೆಯಬೇಕಾಗಿ ಬಂದದ್ದು ಅತ್ತೆಯಿಂದ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಈ ಹೊಲಿಗೆ ಅಂಗಡಿಯ ಯಜಮಾನಿ. ಏಳು ವರ್ಷದಿಂದ ನಾನು ಇಲ್ಲಿ ಗುಂಡಿ ಹಾಕುತ್ತೇನೆ, ಕಾಜ ಮಾಡುತ್ತೇನೆ, ಹರಿದದ್ದಕ್ಕೆ ರಫು ಹಾಕುತ್ತೇನೆ. ಮುಂದೆ ಗಿರಾಕಿ, ನಡುವೆ ಪರದೆ, ಹಿಂದೆ ನಾನು. ಇವತ್ತು ಬೆಳಿಗ್ಗೆ ಅತ್ತೆ ಪರದೆ ಸರಿಸಿ ನಿಂತಳು.

"ನನ್ನ ಮಂಡಿ ಇನ್ನು ನಿಲ್ಲೋಕೆ ಬಿಡಲ್ಲ ಅಂತಿದೆ. ಈ ತಿಂಗಳು ಮುಗಿಯೋದ್ರೊಳಗೆ ನೀನು ಮುಂದೆ ನಿಂತು ಅಳತೆ ತಗೊಳ್ಳೋದು, ಗಿರಾಕಿ ಹತ್ರ ಮಾತಾಡೋದು, ಆರ್ಡರ್ ಪುಸ್ತಕ ಬರೆಯೋದು ಕಲೀಬೇಕು. ಇಲ್ಲಾಂದ್ರೆ ನನ್ನ ನಾದಿನಿ ಮಗಳನ್ನ ಕರೆಸ್ತೀನಿ. ಅವಳಿಗೆ ಒಂದು ಗುಂಡಿ ಹಾಕೋಕೆ ಬರಲ್ಲ. ಆದ್ರೆ ಬಾಯಿದೆ."

"ಅವಳು ಬಂದ್ರೆ ನಾನು?"

"ಅವಳ ಕೈಕೆಳಗೆ ಗುಂಡಿ ಹಾಕ್ತೀಯ. ಕೂದಲು ಹಣ್ಣಾಗೋವರೆಗೂ."

ದಿನಾ ಒಂದು ಪುಟ ಬರೆದರೆ ಕೈ ತಿರುಗುತ್ತದಂತೆ. ಬಾಯಿ ತಿರುಗಲು ಏನು ಮಾಡಬೇಕೆಂದು ಹೇಳಲಿಲ್ಲ.

ಮಾರ್ಚ್ 4, ಮಂಗಳವಾರ

ಮೊದಲನೆಯ ಗಿರಾಕಿಯ ಅಳತೆ ತೆಗೆದೆ. "ಕೈ ಎತ್ತಿ" ಎನ್ನಬೇಕಿತ್ತು. ಬದಲಿಗೆ ನಾನೇ ಎರಡೂ ಕೈ ಎತ್ತಿ ತೋರಿಸಿದೆ. ಅವರೂ ಎತ್ತಿದರು. ನಾನು ಕೈ ಇಳಿಸದೆ ಟೇಪು ಹಿಡಿಯುವಂತಿಲ್ಲ, ಇಳಿಸಿದರೆ ಅವರೂ ಇಳಿಸುತ್ತಾರೆ. ಇಬ್ಬರೂ ಹಾಗೇ ನಿಂತಿದ್ದೆವು. ಬೀದಿಯಲ್ಲಿ ಹೋಗುತ್ತಿದ್ದವರು ಅಂಗಡಿಗೆ ಕಳ್ಳರು ನುಗ್ಗಿದ್ದಾರೆಂದು ಒಳಗೆ ಇಣುಕಿದರು.

ಮಾರ್ಚ್ 6, ಗುರುವಾರ

ಐದು ಅಂಗಡಿ ಆಚೆಯ ಗುಜರಿಯವನಿಂದ ಅತ್ತೆ ಹಳೆಯ ಮಷೀನು ತರಿಸಿದಳು. ಕಾಲಲ್ಲಿ ತುಳಿಯುವಂಥದು. ಅದರ ಡ್ರಾಯರಿನಲ್ಲಿ ದಾರದ ಉಂಡೆಗಳ ಕೆಳಗೆ ಒಂದು ಕಂದು ಲಕೋಟೆ ಸಿಕ್ಕಿತು. ಒಳಗೆ ಒಂಬತ್ತು ಕಪ್ಪುಬಿಳುಪು ಫೋಟೋ. ಒಂಬತ್ತರಲ್ಲೂ ಒಬ್ಬೊಬ್ಬ ಗಂಡಸು, ಎಲ್ಲರೂ ಕೋಟು ಹಾಕಿಕೊಂಡಿದ್ದಾರೆ. ಒಬ್ಬರ ಮುಖ ಇನ್ನೊಬ್ಬರದನ್ನು ಹೋಲುವುದಿಲ್ಲ. ಮುಚ್ಚಿಡಬೇಕೆಂದಿದ್ದೆ. ಆಗ ಗುಂಡಿ ಕಣ್ಣಿಗೆ ಬಿತ್ತು.

ಮೂರನೆಯ ಗುಂಡಿ ಉಳಿದವಕ್ಕಿಂತ ದೊಡ್ಡದು, ಬಣ್ಣವೂ ತಿಳಿ. ಎಲ್ಲ ಫೋಟೋಗಳಲ್ಲೂ ಹಾಗೇ. ಎಡಗಡೆಯ ಕಾಲರಿನ ತುದಿಯಲ್ಲಿ ಇರುವೆ ಸಾಲಿನಂತೆ ರಫು. ಅದೂ ಒಂಬತ್ತರಲ್ಲೂ ಇದೆ. ಮುಖ ಬೇರೆ ಬೇರೆ, ಕೋಟು ಒಂದೇ.

ಅತ್ತೆಯನ್ನು ಕರೆದು ತೋರಿಸಿದೆ. "ಒಂದೇ ಮನೆಯವರು ಅತ್ತೆ. ಅಪ್ಪನ ಕೋಟನ್ನ ಮಕ್ಕಳು ಸರದಿ ಮೇಲೆ ಹಾಕ್ಕೊಂಡಿದ್ದಾರೆ. ಹಿಂದೆ ಪೆನ್ಸಿಲಲ್ಲಿ ನಂಬರ್ ಇದೆ ನೋಡು. ಮೂವತ್ತೊಂದು, ಮೂವತ್ತಮೂರು, ನಲವತ್ತು. ಎಷ್ಟನೇ ಮಗ ಅಂತ ಬರೆದಿರಬೇಕು."

"ನಲವತ್ತನೆಯವನು ಹುಟ್ಟೋ ಹೊತ್ತಿಗೆ ಆ ತಾಯಿ ಮನೆ ಬಿಟ್ಟು ಓಡಿಹೋಗಿರ್ತಾಳೆ," ಅಂದಳು ಅತ್ತೆ.

ನಂಬರಿನ ವಿಷಯ ಬಿಟ್ಟೆ. ಆದರೆ ಗುಂಡಿ ಸುಳ್ಳು ಹೇಳುವುದಿಲ್ಲ. ಎಲ್ಲೋ ಒಂದು ಮನೆಯ ಒಂಬತ್ತು ಫೋಟೋ ನಮ್ಮ ಡ್ರಾಯರಿನಲ್ಲಿ ಬಿದ್ದಿವೆ. ಅವರಿಗೆ ಮುಟ್ಟಿಸಬೇಕು ಎಂದೆ. ಅತ್ತೆ ಲಕೋಟೆಯನ್ನು ನನ್ನ ಕೈಗಿಟ್ಟಳು. "ಹುಡುಕು. ಹುಡುಕಬೇಕಾದ್ರೆ ಬಾಯಿ ಬಿಡಬೇಕಾಗತ್ತೆ, ಅದು ನೆನಪಿರಲಿ. ಮೊದಲು ಮಷೀನು ಎಲ್ಲಿಂದ ತಂದ ಅಂತ ಗುಜರಿಯವನನ್ನ ಕೇಳು, ಹೋಗು."

ಮಾರ್ಚ್ 7, ಶುಕ್ರವಾರ

ಗುಜರಿಯವನ ಹತ್ತಿರ ಹೋದೆ. "ಏನಮ್ಮ ಬೇಕು?" ಅಂದ. ಎದುರಿಗಿದ್ದ ತುಕ್ಕು ಹಿಡಿದ ಸೌಟು ಕೊಂಡುಕೊಂಡು ಬಂದೆ.

ಮಾರ್ಚ್ 8, ಶನಿವಾರ

ಮತ್ತೆ ಹೋದೆ. ಮುಚ್ಚಳವಿಲ್ಲದ ಕೆಟಲು.

ಮಾರ್ಚ್ 10, ಸೋಮವಾರ

ಹಿಡಿ ಮುರಿದ ಛತ್ರಿ. ಇನ್ನು ಅವನ ಹತ್ತಿರ ಹೋಗುವುದಿಲ್ಲ. ಫೋಟೋಗಳೇ ದಾರಿ ತೋರಿಸಲಿ.

ಮಾರ್ಚ್ 12, ಬುಧವಾರ

ರಿಟೈರಾದ ಬಸ್ ಕಂಡಕ್ಟರ್ ಒಬ್ಬರು ನಿನ್ನೆ ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದರು. ನಾನು ಪರದೆಯ ಸಂದಿಯಿಂದ ನೋಡಿದೆ. ಎರಡು ಕಿವಿಯೂ ಕದ ತೆರೆದ ಬೀರುವಿನಂತೆ ಹೊರಗೆ ಚಾಚಿಕೊಂಡಿವೆ. ನಾಲ್ಕನೆಯ ಫೋಟೋದ ಹುಡುಗನ ಕಿವಿಗಳೂ ಹಾಗೇ. ಕೇಳುವ ಬದಲು ಪ್ಯಾಂಟು ಗಿಡ್ಡ ಮಾಡಿ, ಇಸ್ತ್ರಿ ಹಾಕಿ, ಜೇಬಿನಲ್ಲಿ ಫೋಟೋ ಇಟ್ಟು ಕಳಿಸಿದೆ.

ಇವತ್ತು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು.

"ಇಪ್ಪತ್ತೆರಡು ವರ್ಷದ ನನ್ನನ್ನ ನನ್ನ ಜೇಬಿನೊಳಗೆ ಇಟ್ಟವರು ಯಾರು?"

ಅತ್ತೆ ನನ್ನ ಕಡೆ ಬೆರಳು ತೋರಿಸಿದಳು. ನಾನು ಮುಂದೆ ಬಂದೆ. ಅಂದರೆ, ಅತ್ತೆ ತಳ್ಳಿದಳು.

"ಈ ಕೋಟು ಯಾರದು?" ಎಂದೆ. ಇಡೀ ರಾತ್ರಿ ಬಾಯಿಪಾಠ ಮಾಡಿದ್ದ ಪ್ರಶ್ನೆ ಅದೊಂದೇ.

ಅವರು ಫೋಟೋ ನೋಡಿದರು, ಬೀದಿ ನೋಡಿದರು, ಮೀಸೆ ತಿರುವಿದರು. "ಕೋಟಾ? ನಮ್ಮ ಮನೇದೇ. ನಮ್ಮಪ್ಪಂದು. ಆಗಿನ ಕಾಲದ ಬಟ್ಟೆ ಕಣಮ್ಮ, ಈಗೆಲ್ಲಿ ಸಿಗತ್ತೆ. ಈ ಫೋಟೋ ಎಲ್ಲೋ ಕಳೆದುಹೋಗಿತ್ತು."

ಉಳಿದ ಎಂಟನ್ನೂ ಮುಂದಿಟ್ಟೆ. ಒಂದನ್ನು ಎತ್ತಿಕೊಂಡು ಮುಖ ಸಿಂಡರಿಸಿದರು. "ಇವನು ಬೇಕರಿಯಾಕೆಯ ಅಪ್ಪ. ಅದೇ ಮೂಗು. ಆ ಮೂಗನ್ನ ನಾನು ಮರೆಯೋ ಹಾಗಿಲ್ಲ."

ಬೇಕರಿಯಾಕೆಗೂ ಇವರಿಗೂ ಹಾವು ಮುಂಗುಸಿ ಸಂಬಂಧ ಎಂದು ಅತ್ತೆ ಆಮೇಲೆ ಹೇಳಿದಳು. ಹದಿನೆಂಟು ವರ್ಷದ ಹಿಂದೆ ಆಕೆ ಬ್ರೆಡ್ಡಿನ ತಟ್ಟೆ ಹೊತ್ತು ಓಡಿ ಬರುತ್ತಿದ್ದರೂ ಇವರು ಸೀಟಿ ಊದಿ ಬಸ್ಸು ಬಿಡಿಸಿದ್ದರಂತೆ.

ಮಾರ್ಚ್ 15, ಶನಿವಾರ

ಬೇಕರಿಗೆ ಹೋದೆ. ಮೂರು ಸಲ ಮುಂದಿನಿಂದ ದಾಟಿದೆ. ನಾಲ್ಕನೆಯ ಸಲ ಬೇಕರಿಯಕ್ಕನೇ ಕೂಗಿದಳು. "ಏನಮ್ಮ, ನನ್ನ ಅಂಗಡಿ ಅಳತೆ ತೆಗೀತಿದ್ದೀಯಾ?"

ಫೋಟೋ ಕೊಟ್ಟೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ತುಂಬ ಹೊತ್ತು ಮಾತಾಡಲಿಲ್ಲ. ನನಗೆ ಅದು ಹಾಯೆನಿಸಿತು, ನಾನೂ ಮಾತಾಡಬೇಕಿರಲಿಲ್ಲ.

"ಅಪ್ಪನ ಒಂದು ಫೋಟೋನೂ ಇರಲಿಲ್ಲ ನನ್ನ ಹತ್ರ," ಅಂದಳು ಕೊನೆಗೆ.

"ಕೋಟು?"

"ಅಪ್ಪಂದೇ. ಮದುವೆಗೆ ಅಂತ ಹೊಲಿಸಿದ್ದು. ಏನು ಠೀವಿ ನೋಡು."

ಕಂಡಕ್ಟರೂ ತಮ್ಮ ಅಪ್ಪನದು ಅಂದರು, ಈಕೆಯೂ ತನ್ನ ಅಪ್ಪನದು ಅನ್ನುತ್ತಾಳೆ. ಗುಂಡಿ ಒಂದೇ, ರಫು ಒಂದೇ. ಇಬ್ಬರ ಅಪ್ಪಂದಿರೂ ಅಣ್ಣತಮ್ಮಂದಿರೇ ಇರಬೇಕು, ಬೇರೆ ಹೇಗೆ ಸಾಧ್ಯ. ಅದನ್ನು ಹೇಳಿಬಿಟ್ಟೆ. ಒಟ್ಟು ಹನ್ನೊಂದು ಮಾತು. ಬರುವ ದಾರಿಯಲ್ಲಿ ಎಣಿಸಿದೆ.

"ಆ ಕಂಡಕ್ಟರ್ ನನಗೆ ಅಣ್ಣನಾ?" ಅಂದಳು ಬೇಕರಿಯಕ್ಕ. ಮುಖ ಹೇಗಾಯಿತೆಂದರೆ, ಬನ್ನು ಕಚ್ಚಿ ಕಲ್ಲು ಸಿಕ್ಕಿದ ಹಾಗೆ.

ಮಾರ್ಚ್ 19, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಇಬ್ಬರೂ ದಿನಾ ನಮ್ಮ ಅಂಗಡಿಯಲ್ಲೇ ಕೂರುತ್ತಾರೆ. ಎರಡು ದಿನ ಒಬ್ಬರನ್ನೊಬ್ಬರು ನೋಡದೆ ಕೂತರು. ಮೂರನೆಯ ದಿನ ಕಂಡಕ್ಟರು ಗೋಡೆಗೆ ಹೇಳಿದರು, "ಆವತ್ತು ಬಸ್ಸು ಬಿಡಬಾರದಿತ್ತು. ಡ್ರೈವರ್ ಅವಸರ ಮಾಡಿದ." ಬೇಕರಿಯಕ್ಕ ಮಷೀನಿಗೆ ಹೇಳಿದಳು, "ತಪ್ಪನ್ನ ಬೇರೆಯವರ ಮೇಲೆ ಹಾಕೋ ಬುದ್ಧಿ ನಮ್ಮ ಮನೆತನದ್ದೇ. ನಮ್ಮಪ್ಪನೂ ಹಾಗೇ ಮಾಡ್ತಿದ್ರು."

ಇವತ್ತು ಆಕೆ "ಅಣ್ಣ, ಬನ್ ತಿಂತೀಯಾ" ಅಂದಳು. ಅವರು ಎರಡು ತಿಂದರು. ಬಾಯಿ ತುಂಬ ಬನ್ನಿಟ್ಟುಕೊಂಡು ಕಿಟಕಿಯಾಚೆ ತಿರುಗಿಕೊಂಡರು. ಕಣ್ಣು ಒರೆಸಿಕೊಂಡಂತೆ ಕಂಡಿತು, ನಾನು ಕೇಳಲಿಲ್ಲ. ಅವರಿಗೆ ಒಡಹುಟ್ಟಿದವರು ಯಾರೂ ಇಲ್ಲವಂತೆ.

ತಿಂಗಳು ಮುಗಿಯಲು ಹನ್ನೆರಡು ದಿನ. ನಾದಿನಿ ಮಗಳು ಮೂವತ್ತೊಂದಕ್ಕೆ ಬರುವುದಾಗಿ ಹೇಳಿ ಕಳಿಸಿದ್ದಾಳೆ. ಚೀಲ ತುಂಬಿಸಿಕೊಂಡು ಕೂತಿದ್ದಾಳಂತೆ.

ಮಾರ್ಚ್ 22, ಶನಿವಾರ

ಏಳನೆಯ ಫೋಟೋವನ್ನು ಬೇಕರಿಯಕ್ಕ ಗುರುತಿಸಿದಳು. ಅದು ನನ್ನ ಶಾಲೆಯ ಹೆಡ್ಮೇಷ್ಟ್ರು. ಎಳೆಯ ಮುಖವಾದ್ದರಿಂದ ನನಗೆ ತಿಳಿದಿರಲಿಲ್ಲ. ಸುಳ್ಳು ಹೇಳಿದ ಮಕ್ಕಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಸುಳ್ಳು ಹೇಳದೆಯೇ ನಿಂತವಳು. ಕೇಳಿದ್ದಕ್ಕೆ ಉತ್ತರ ಬಾಯಿಂದ ಬರದಿದ್ದರೆ ಅದೂ ಸುಳ್ಳೇ ಎಂಬುದು ಅವರ ಲೆಕ್ಕ.

ಕಂಡಕ್ಟರೂ ಬೇಕರಿಯಕ್ಕನೂ ನನ್ನನ್ನು ಎಳೆದುಕೊಂಡು ಅವರ ಮನೆಗೆ ಹೋದರು. ಮೇಷ್ಟ್ರು ಕನ್ನಡಕ ಏರಿಸಿ ಫೋಟೋ ನೋಡಿದರು.

"ಕೋಟು ನಿಮ್ಮದೇನಾ ಸರ್?" ಎಂದೆ.

"ಮತ್ತೆ? ನನ್ನದೇ. ನನ್ನ ಅಳತೆಗೇ ಹೊಲಿಸಿದ್ದು."

ನಾನು ಫೋಟೋ ನೋಡಿದೆ. ತೋಳು ಬೆರಳ ಗಿಣ್ಣಿನವರೆಗೂ ಇಳಿದಿದೆ. ಆ ಅಳತೆಗೆ ಯಾವ ದರ್ಜಿಯೂ ಹೊಲಿಯುವುದಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಎಂಥ ಆಶ್ಚರ್ಯ, ಮಾತು ಬಾಯಿಯವರೆಗೂ ಬಂದಿತ್ತು.

ಆಮೇಲೆ ಮೇಷ್ಟ್ರದೇ ಕಾರುಬಾರು. ಹಾಳೆ ತರಿಸಿದರು, ಗೆರೆ ಎಳೆದು ವಂಶವೃಕ್ಷ ಬರೆದರು. ಎಲ್ಲರಿಗೂ ಮೇಲೆ ತಮ್ಮ ಅಪ್ಪನನ್ನು ಕೂರಿಸಿದರು. ಕಂಡಕ್ಟರು "ನಮ್ಮಪ್ಪನ್ನ ಕೊಂಬೆ ತುದೀಲಿ ನೇತು ಹಾಕಿದ್ದೀರಲ್ಲ ಮೇಷ್ಟ್ರೇ" ಎಂದು ಮುನಿಸಿಕೊಂಡರು. ಭಾನುವಾರ ಮೂವತ್ತಕ್ಕೆ ನಮ್ಮ ಅಂಗಡಿಯಲ್ಲಿ ಇಡೀ ಮನೆತನ ಸೇರಬೇಕೆಂದು ತೀರ್ಮಾನವಾಯಿತು. ಅಧ್ಯಕ್ಷರು ಮೇಷ್ಟ್ರು.

ಮಾರ್ಚ್ 27, ಗುರುವಾರ

ಭಾನುವಾರ ಕುರ್ಚಿ ಸಾಲುವುದಿಲ್ಲ. ಗುಜರಿಯವನ ಹತ್ತಿರ ಇದ್ದಾವೇನೋ ಕೇಳಿಬಾ ಎಂದು ಅತ್ತೆ ಕಳಿಸಿದಳು. ಹೋಗಿ ಎಂಟು ಕುರ್ಚಿ ಬಾಡಿಗೆಗೆ ಕೇಳಿದೆ. ಎರಡಕ್ಕೆ ಕಾಲು ಆಡುತ್ತಿತ್ತು, ಬೇರೆ ಕೊಡು ಎಂದೆ. ಏನು ವಿಶೇಷ ಅಂದ. ಹೇಳಿದೆ. ಕೋಟಿನ ಕಥೆ, ಮಷೀನು, ಮನೆತನ ಎಲ್ಲಾ.

ಅವನು ಕುರ್ಚಿ ಅಲ್ಲೇ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಆ ಮಷೀನು ತಂದದ್ದು ಫೋಟೋ ಸ್ಟುಡಿಯೋ ಮುಚ್ಚಿದಾಗ ಕಣಮ್ಮ. ಕೋಟು ಸ್ಟುಡಿಯೋದ್ದು. ಫೋಟೋ ತೆಗೆಸೋಕೆ ಬಂದವರಿಗೆಲ್ಲ ಹಾಕಿಸ್ತಿದ್ರು. ಹರಿದ್ರೆ ಸ್ಟುಡಿಯೋದವನ ಹೆಂಡ್ತಿ ಆ ಮಷೀನಿನ ಮುಂದೆ ಕೂತು ರಿಪೇರಿ ಮಾಡ್ತಿದ್ದಳು. ಹಿಂದಿನ ನಂಬರು ರಸೀದಿ ನಂಬರು. ಇವು ಯಾರೂ ಬಿಡಿಸಿಕೊಂಡು ಹೋಗದ ಫೋಟೋಗಳು. ಆ ಕೋಟು ನಾನೂ ಹಾಕ್ಕೊಂಡಿದ್ದೀನಿ. ಹಾಗಾದ್ರೆ ನಾನೂ ನಿಮ್ಮ ಮೇಷ್ಟ್ರ ತಮ್ಮನೇ."

ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಸೌಟು ತಗೊಂಡು ಓಡಿದೆ."

ಮಾರ್ಚ್ 28, ಶುಕ್ರವಾರ

ಅತ್ತೆಗೆ ಹೇಳಿದೆ. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತಳು. "ಹಾಗಾದ್ರೆ ಮೂರು ಜನಾನೂ ನಿನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ದಾರೆ."

"ನೀನೇ ಅವರಿಗೆ ಹೇಳು ಅತ್ತೆ."

"ನಾನ್ಯಾಕೆ ಹೇಳಲಿ? ಗಂಟು ಹಾಕಿದವಳು ನೀನು, ಬಿಚ್ಚೋಳೂ ನೀನೇ. ಊರಲ್ಲಿ ಮೂರು ಜನ ಮರ್ಯಾದಸ್ಥರ ಮಾನ ನನ್ನ ಅಂಗಡೀಲಿ ಹೋದ್ರೆ ಒಬ್ಬ ಗಿರಾಕಿನೂ ಮೆಟ್ಟಿಲು ಹತ್ತಲ್ಲ. ಹೇಳದೇ ಬಿಟ್ರೆ ಆ ಗುಜರಿಯವನು ಸಂಜೆಯೊಳಗೆ ಊರೆಲ್ಲ ಹೇಳ್ತಾನೆ. ಸೋಮವಾರ ನನ್ನ ನಾದಿನಿ ಮಗಳು ಬರ್ತಾಳೆ. ಭಾನುವಾರ ನೀನು ಬಾಯಿ ಬಿಟ್ರೆ ನೋಡೋಣ, ಇಲ್ಲಾಂದ್ರೆ ಪರದೆ ಹಿಂದೆ ನಿನ್ನ ಸ್ಟೂಲು ಇದ್ದೇ ಇದೆ."

ಸ್ಟುಡಿಯೋದ ಕೋಟು ಎಂದರೆ ಅವರ ಮರ್ಯಾದೆ ಹೋಗುತ್ತದೆ. ಕಂಡಕ್ಟರಿಗೆ ಇದ್ದೊಬ್ಬ ತಂಗಿಯೂ ಹೋಗುತ್ತಾಳೆ. ಅದೇ ಹೆಚ್ಚು ಕೊರೆಯುತ್ತಿದೆ.

ಮಾರ್ಚ್ 30, ಭಾನುವಾರ

ಇಪ್ಪತ್ತಮೂರು ಜನ ಬಂದಿದ್ದರು. ಅದರಲ್ಲಿ ಹತ್ತು ಜನ ಬೇಕರಿಯಕ್ಕ ಬನ್ ಕೊಡುತ್ತಾಳೆಂದು ತಿಳಿದು ಬಂದವರು. ಕಂಡಕ್ಟರು ಬಾಗಿಲಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಜಾಗ ಇದೆ" ಎನ್ನುತ್ತ ಜನರನ್ನು ತುಂಬಿದರು. ಗೋಡೆಗೆ ವಂಶವೃಕ್ಷ. ಮೇಷ್ಟ್ರು ಕೆಮ್ಮಿ ಗಂಟಲು ಸರಿ ಮಾಡಿಕೊಂಡು, "ಈ ಹುಡುಗಿ ನಮ್ಮೆಲ್ಲರನ್ನೂ ಒಂದು ದಾರದಲ್ಲಿ ಪೋಣಿಸಿದ್ದಾಳೆ. ಹೇಗೆ ಕಂಡುಹಿಡಿದಳು ಅಂತ ಅವಳೇ ಹೇಳಲಿ," ಎಂದು ಕೂತರು.

ಎದ್ದು ನಿಂತೆ. ಎಲ್ಲರ ಮುಖ ನೋಡಿದರೆ ಮಾತು ಬರುವುದಿಲ್ಲವೆಂದು ಫೋಟೋ ನೋಡಿದೆ. ಕೋಟು ನೋಡಿದೆ. ಕೋಟಿನ ಬಗ್ಗೆಯಾದರೆ ನನಗೆ ಗೊತ್ತು.

"ಇದರಲ್ಲಿ ಕಂಡಕ್ಟ್ರು ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ," ಎಂದೆ. "ಭುಜ ಎರಡು ಬೆರಳು ಆಚೆ ಜಾರಿದೆ. ಬೆನ್ನಲ್ಲಿ ಬಟ್ಟೆ ಹಿಡಿದು ಪಿನ್ನು ಚುಚ್ಚಿದ್ದಾರೆ, ಅದು ಕಾಣಬಾರದು ಅಂತ ಗೋಡೆ. ಬೇಕರಿಯಕ್ಕನ ಅಪ್ಪ ಹೊಟ್ಟೆ ಮೇಲೆ ಕೈ ಕಟ್ಟಿಕೊಂಡಿದ್ದಾರೆ. ಅದು ಠೀವಿ ಅಲ್ಲ, ಗುಂಡಿ ಕೂಡ್ತಿಲ್ಲ. ಮೇಷ್ಟ್ರು ಪುಸ್ತಕ ಹಿಡ್ಕೊಂಡಿರೋದು ತೋಳು ಉದ್ದ ಆಗಿದೆ ಅಂತ. ಒಂಬತ್ತು ಜನರಲ್ಲಿ ಒಬ್ಬರ ಅಳತೆಗೂ ಈ ಕೋಟು ಹೊಲಿದದ್ದಲ್ಲ. ಇದು ಸ್ಟುಡಿಯೋದ ಕೋಟು. ಗುಂಡಿ ನೋಡಿ ಒಂದೇ ಮನೆ ಅಂದುಕೊಂಡೆ. ತೋಳು ನೋಡಬೇಕಿತ್ತು. ತಪ್ಪು ನಂದು."

ಸೂಜಿ ಬಿದ್ದರೆ ಕೇಳಿಸುತ್ತಿತ್ತು. ನಮ್ಮ ಅಂಗಡಿಯಲ್ಲಿ ಸೂಜಿ ಬೀಳುತ್ತಲೇ ಇರುತ್ತದೆ, ಆದರೂ ಯಾವತ್ತೂ ಕೇಳಿಸಿರಲಿಲ್ಲ.

ಮೇಷ್ಟ್ರು ನಿಧಾನವಾಗಿ ಎದ್ದರು. ಇನ್ನು ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸುತ್ತಾರೆ ಎಂದುಕೊಂಡೆ.

"ಸುಳ್ಳು ಹೇಳಿದವರು ಕೈ ಎತ್ತಿ," ಎಂದರು.

ಯಾರೂ ಎತ್ತಲಿಲ್ಲ. ಅವರೇ ಮೊದಲು ಎತ್ತಿದರು.

"ಕೆಲಸದ ಅರ್ಜಿಗೆ ಫೋಟೋ ಬೇಕಿತ್ತು. ನನ್ನ ಅಂಗಿ ಭುಜದಲ್ಲಿ ಹರಿದಿತ್ತು. ಒಂದು ಪ್ರತಿ ಅರ್ಜಿಗೆ ಅಂಟಿಸಿದೆ, ಇನ್ನೊಂದನ್ನ ಬಿಡಿಸಿಕೊಳ್ಳೋಕೆ ಹೋಗಲಿಲ್ಲ. ನೋಡೋಕೆ ಮನಸ್ಸಾಗಲಿಲ್ಲ."

ಕಂಡಕ್ಟರ ಕೈ ಎದ್ದಿತು. "ನಾಲ್ಕು ಪಿನ್ನು. ಒಂದು ಬೆನ್ನಿಗೇ ಚುಚ್ಚಿತ್ತು. ಅದಕ್ಕೇ ಮುಖ ಅಷ್ಟು ಗಂಭೀರವಾಗಿರೋದು."

ಬೇಕರಿಯಕ್ಕ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಕೈ ಎತ್ತಿದಳು. "ನಮ್ಮಪ್ಪನಿಗೆ ಕೋಟಿರಲಿಲ್ಲ. ಹಿಟ್ಟಿನ ಚೀಲ ಕತ್ತರಿಸಿ ಅಮ್ಮ ಅಂಗಿ ಹೊಲೀತಿದ್ದಳು. ಬೆನ್ನ ಮೇಲೆ ಗಿರಣಿ ಹೆಸರಿರ್ತಿತ್ತು."

ಬನ್ನಿಗೆ ಬಂದಿದ್ದ ಒಬ್ಬ ಮುದುಕರೂ ಕೈ ಎತ್ತಿದರು. ನಾವು ಅವರನ್ನು ಕೇಳಿಯೇ ಇರಲಿಲ್ಲ. ಹೋಲಿಸಿ ನೋಡಿದರೆ ಎರಡನೆಯ ಫೋಟೋ ಅವರದೇ.

ಕಂಡಕ್ಟರು ಕೈ ಇಳಿಸಿ ಕುರ್ಚಿಯ ತುದಿಯಲ್ಲಿ ಕೂತರು. "ಹಾಗಾದ್ರೆ ನೀನು ನನ್ನ ತಂಗಿ ಅಲ್ಲ," ಎಂದರು ಬೇಕರಿಯಕ್ಕನಿಗೆ, ಅವಳ ಕಡೆ ನೋಡದೆ.

"ಅಲ್ಲ."

"ಸರಿ. ನಾಳೆಯಿಂದ ಬನ್ನಿಗೆ ದುಡ್ಡು ಕೊಡ್ತೀನಿ."

"ಕೊಟ್ಟು ನೋಡು," ಅಂದಳು ಬೇಕರಿಯಕ್ಕ. "ಹದಿನೆಂಟು ವರ್ಷ ಜಗಳ ಆಡಿದ್ದೀವಿ. ಒಡಹುಟ್ಟಿದವರೂ ಅಷ್ಟು ಆಡಲ್ಲ. ಕೂತ್ಕೋ ಅಣ್ಣ ಸುಮ್ನೆ, ತಟ್ಟೆ ಖಾಲಿಯಾಗ್ಲಿ."

ಎಲ್ಲರೂ ಹೋಗುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತರು. "ಎಪ್ಪತ್ತಾರು ವರ್ಷ ವಯಸ್ಸಾಯ್ತು. ನನಗೆ ಅಂತ ಒಂದು ಕೋಟು ಹೊಲಿಸಿಕೊಂಡಿಲ್ಲ. ಹೊಲಿದುಕೊಡ್ತೀಯಾ?"

"ಅಳತೆ ಕೊಡೋಕೆ ಬೆಳಿಗ್ಗೆ ಬನ್ನಿ, ಸರ್. ಊಟ ಆದಮೇಲೆ ಬಂದ್ರೆ ಸೊಂಟದ ಅಳತೆ ಸರಿಯಾಗಿ ಸಿಗಲ್ಲ," ಎಂದೆ.

ಮಾರ್ಚ್ 31, ಸೋಮವಾರ

ನಾದಿನಿ ಮಗಳು ಬರಲಿಲ್ಲ. ಅತ್ತೆ ಫೋನಿನಲ್ಲಿ "ಇಲ್ಲಿ ಜಾಗ ಇಲ್ಲ ಕಣೇ" ಎನ್ನುತ್ತಿದ್ದಳು. ಯಾಕೆ ಹಾಗೆಂದಳೋ. ಕುರ್ಚಿಗಳನ್ನೆಲ್ಲ ವಾಪಸು ಕಳಿಸಿದ ಮೇಲೆ ಜಾಗ ಬೇಕಾದಷ್ಟಿದೆ.

ಏಪ್ರಿಲ್ 7, ಸೋಮವಾರ

ವಾರದಿಂದ ಬರೆದಿಲ್ಲ, ಪುರುಸೊತ್ತಾಗಲಿಲ್ಲ. ಕಂಡಕ್ಟರೂ ಕೋಟು ಬೇಕೆಂದರು. ಅವರನ್ನು ನೋಡಿ ಇನ್ನೂ ನಾಲ್ಕು ಜನ. ಉಳಿದ ಐದು ಫೋಟೋ ಹಿಡಿದು ಕಂಡಕ್ಟರೂ ಬೇಕರಿಯಕ್ಕನೂ ಬಸ್ ನಿಲ್ದಾಣದಲ್ಲಿ ಕೂತು ಹೋಗಿ ಬರುವವರ ಕಿವಿ ಮೂಗು ನೋಡುತ್ತಿದ್ದಾರೆ.

ಅತ್ತೆ ಇನ್ನೂ ತೀರ್ಮಾನ ಹೇಳಿಲ್ಲ. ತಿಂಗಳು ಮುಗಿದು ಏಳು ದಿನವಾಯಿತು. ಮುಂದೆ ನಿಲ್ಲುವವರು ಯಾರು ಎಂದು ಕೇಳೋಣವೆಂದರೆ, ಅವಳು ಪರದೆಯ ಹಿಂದೆ ನನ್ನ ಸ್ಟೂಲಿನ ಮೇಲೆ ಕಾಲು ಚಾಚಿ ಗುಂಡಿ ಹಾಕುತ್ತ ಕೂತಿರುತ್ತಾಳೆ, ಕರೆದರೂ ಏಳುವುದಿಲ್ಲ. ಸಿಟ್ಟು ಬರುತ್ತದೆ. ಗಿರಾಕಿಗಳನ್ನು ಸುಧಾರಿಸುವುದರಲ್ಲಿ ನನಗೆ ಕೇಳಲು ಹೊತ್ತೇ ಸಿಗುತ್ತಿಲ್ಲ.

ಇವತ್ತು ಬೆಳಿಗ್ಗೆ ಮೇಷ್ಟ್ರು ಎರಡನೆಯ ಸಲ ಅಳತೆ ಕೊಡಲು ಬಂದಿದ್ದರು. ಮೊದಲ ಸಲ ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದರು, ಅದಕ್ಕೇ ಮತ್ತೆ ಕರೆಸಿದೆ. ಇವತ್ತೂ ಹಾಗೇ ನಿಂತರು. "ಸರ್, ಉಸಿರು ಪೂರ್ತಿ ಬಿಡಿ," ಎಂದೆ. ಸ್ವಲ್ಪ ಬಿಟ್ಟರು. "ಇನ್ನೂ ಇದೆ, ಅದನ್ನೂ ಬಿಡಿ," ಎಂದೆ. ಬಿಟ್ಟರು. ಸೊಂಟ ಮೂವತ್ತೆಂಟೂವರೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ.